ಕುಕ್ಕಿಟ್ಟ ಪಾತ್ರೆಯ ಸದ್ದು

ಮನೆಯಲ್ಲಿ ಯಾರೋ ಒಬ್ಬರಿಗೆ ಕೋಪ ಬಂದಿದೆ. ಅವರು ಯಾರನ್ನೂ ಬೈದಿಲ್ಲ, ದನಿ ಎತ್ತಿಲ್ಲ. ಕೇಳಿದರೆ ‘ಏನಿಲ್ಲ’ ಎಂದಷ್ಟೇ ಹೇಳಿ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದಾರೆ. ಆದರೂ ಹಜಾರದಲ್ಲಿ ಪತ್ರಿಕೆ ಓದುತ್ತ ಕುಳಿತವರಿಗೆ, ಜಗಲಿಯಲ್ಲಿ ಮಗ್ಗಿ ಒಪ್ಪಿಸುತ್ತಿರುವ ಹುಡುಗನಿಗೆ, ಎಷ್ಟೋ ವೇಳೆ ಆಗತಾನೇ ಹೊಸ್ತಿಲು ದಾಟಿದ ನೆಂಟರಿಗೆ ಸಹ, ಅಡುಗೆಮನೆಯಿಂದ ಬಂದ ಒಂದೆರಡು ಸದ್ದುಗಳಿಂದಲೇ, ಒಲೆಯಿಂದಿಳಿದ ಪಾತ್ರೆ ಕಟ್ಟೆಗೆ ತಾಗಿದ ಬಗೆಯಿಂದ, ಮುಚ್ಚಳ ತನ್ನ ಜಾಗಕ್ಕೆ ಬಂದು ಕುಳಿತ ರೀತಿಯಿಂದ, ಸಂಗತಿ ಏನೆಂಬುದು ತಿಳಿದುಹೋಗುತ್ತದೆ. ಹುಡುಗ ಮಗ್ಗಿಯ ದನಿಯನ್ನು ತಗ್ಗಿಸುತ್ತಾನೆ, ಪತ್ರಿಕೆ ಓದುತ್ತಿದ್ದವರು ಬೆಳಗಿನಿಂದ ತಮ್ಮಿಂದ ಏನು ಅಚಾತುರ್ಯ ನಡೆಯಿತೆಂದು ಮನಸ್ಸಿನಲ್ಲೇ ಎಣಿಸತೊಡಗುತ್ತಾರೆ.

ಈ ಅನುಭವವಿಲ್ಲದವರು ವಿರಳ. ಆದರೆ ಅನುಭವ ಎಷ್ಟು ಪರಿಚಿತವೋ ಅದರ ಒಳಗುಟ್ಟು ಅಷ್ಟೇ ಅಪರಿಚಿತವಾದುದು. ಪಾತ್ರೆಯ ಸದ್ದಿನ ಅರ್ಥವನ್ನು ನಮಗೆ ಕುಳಿತು ಕಲಿಸಿದವರು ಯಾರೂ ಇಲ್ಲ. ಹಾಗಿದ್ದೂ, ‘ಏನಿಲ್ಲ’ ಎಂಬ ಸ್ಪಷ್ಟವಾದ ಮಾತು ಒಂದು ಕಡೆ, ಲೋಹದ ಒಂದು ಠಣತ್ಕಾರ ಇನ್ನೊಂದು ಕಡೆ ನಿಂತಾಗ, ನಾವು ಮಾತನ್ನು ಬಿಟ್ಟು ಠಣತ್ಕಾರವನ್ನೇ ನಂಬುತ್ತೇವೆ. ಏಕೆ ನಂಬುತ್ತೇವೆ ಎಂಬುದು ಮೊದಲನೆಯ ಪ್ರಶ್ನೆ. ಎರಡನೆಯದು ಇದಕ್ಕಿಂತ ಗಹನವಾದುದು: ಮಾತೆಂಬ ಸಮರ್ಥವಾದ ಸಾಧನವನ್ನು ಪಡೆದಿರುವ ಮನುಷ್ಯ, ತನ್ನ ಅತಿ ತೀವ್ರವಾದ ಭಾವವೊಂದನ್ನು ತಿಳಿಸಬೇಕಾದ ಹೊತ್ತಿಗೆ ಸರಿಯಾಗಿ ಆ ಸಾಧನವನ್ನು ಬದಿಗಿಟ್ಟು, ಪಾತ್ರೆ, ಬಾಗಿಲು, ತಿರುಗಿಸಿದ ಬೆನ್ನು, ಮೌನ ಇವುಗಳ ಮೊರೆಹೋಗುವುದೇಕೆ?

ಲೋಟವನ್ನು ಎತ್ತುವ ಕೈ

ಪಾತ್ರೆಯನ್ನು ಇಡುವುದು ಎಷ್ಟು ಅಲ್ಪವಾದ ಕೆಲಸ! ಆದರೆ ಅದನ್ನು ಹತ್ತಿರದಿಂದ ಗಮನಿಸಿದರೆ ಅದರಲ್ಲಿ ಒಂದು ನಯವಾದ ಏರಿಳಿತ ಕಾಣುವುದು. ಕೈ ಮೊದಲು ನಿಧಾನವಾಗಿ ಹೊರಡುತ್ತದೆ, ನಡುದಾರಿಯಲ್ಲಿ ವೇಗ ಪಡೆಯುತ್ತದೆ, ಕಟ್ಟೆ ಸಮೀಪಿಸಿದಂತೆ ಮತ್ತೆ ತನ್ನನ್ನು ತಾನೇ ಹಿಡಿದುಕೊಂಡು, ಪಾತ್ರೆಯ ತಳ ಕಲ್ಲಿಗೆ ಮುಟ್ಟುವ ಕ್ಷಣದಲ್ಲಿ ಹೆಚ್ಚುಕಡಮೆ ನಿಂತೇಬಿಟ್ಟಿರುತ್ತದೆ. ಶಾಂತವಾಗಿರುವಾತನ ಕೈ ಈ ಲೆಕ್ಕವನ್ನು ತಾನಾಗಿಯೇ ನಡೆಸುತ್ತದೆ. ಕೋಪಗೊಂಡವನ ಕೈಯಲ್ಲಿ ವೇಗ ಹೆಚ್ಚು. ಚಲನೆ ನಯವಾಗಿ ಹರಿಯದೆ ಎಳೆತದಿಂದ ಎಳೆತಕ್ಕೆ ಜಿಗಿಯುತ್ತದೆ. ಕೊನೆಯಲ್ಲಿ ಕೈ ನಿಲ್ಲುವ ಬದಲು ಕಲ್ಲೇ ಅದನ್ನು ನಿಲ್ಲಿಸುತ್ತದೆ. ನಮ್ಮ ಕಿವಿಗೆ ಬಿದ್ದದ್ದು ಈ ಕೊನೆಯ ವ್ಯತ್ಯಾಸ.

ಚಲನೆಯೊಂದರಿಂದಲೇ ಭಾವ ತಿಳಿಯುತ್ತದೆಯೆ ಎಂಬುದನ್ನು ಪರೀಕ್ಷಿಸಲು ಫ್ರಾಂಕ್ ಪೊಲಿಕ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬಲು ಸೊಗಸಾದದ್ದು. ನಟರು ಬಾಗಿಲು ತಟ್ಟುವ, ಲೋಟ ಎತ್ತಿ ಕುಡಿಯುವ ಸಾಮಾನ್ಯ ಕೆಲಸಗಳನ್ನು ಕೋಪ, ದುಃಖ, ಆನಂದ ಮೊದಲಾದ ಭಾವಗಳಲ್ಲಿ ಮಾಡಿದರು. ನೋಡುವವರಿಗಾದರೋ ನಟರ ಮುಖ ಕಾಣಲಿಲ್ಲ, ಕೈ ಸಹ ಕಾಣಲಿಲ್ಲ; ಭುಜ, ಮೊಣಕೈ, ಮಣಿಕಟ್ಟುಗಳಿದ್ದ ಸ್ಥಳವನ್ನು ಸೂಚಿಸುವ ಕೆಲವು ಬೆಳಕಿನ ಚುಕ್ಕೆಗಳು ಮಾತ್ರ ಕತ್ತಲೆಯಲ್ಲಿ ಚಲಿಸುವುದು ಕಂಡಿತು. ಅಷ್ಟರಿಂದಲೇ ಅವರು, ಬರಿಯ ಊಹೆಯಿಂದ ಸಾಧ್ಯವಾಗುವುದಕ್ಕಿಂತ ಮೇಲಾಗಿ, ಭಾವಗಳನ್ನು ಗುರುತಿಸಿದರು. ಚುಕ್ಕೆಗಳ ವೇಗವೂ ಆ ವೇಗ ಥಟ್ಟನೆ ಏರಿಳಿಯುವ ರೀತಿಯೂ ಅವರಿಗೆ ಮುಖ್ಯವಾದ ಸುಳಿವುಗಳಾಗಿದ್ದವು. ಅಂದಮೇಲೆ, ಗೋಡೆಯ ಆಚೆಗಿರುವವರು ಪಾತ್ರೆಯ ಸದ್ದನ್ನು ಕೇಳಿ ಕೈಯ ವೇಗವನ್ನು ಅಳೆಯುವುದರಲ್ಲಿ ಅತಿಶಯವೇನೂ ಇಲ್ಲ.

ಮಾತಿಗೆ ಮೊದಲು ಏಳುವ ಮೈ

ಆ ಹೆಚ್ಚಿನ ವೇಗ ಕೈಗೆ ಎಲ್ಲಿಂದ ಬಂತು? ಹಾರ್ವರ್ಡಿನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ನೋವು, ಹಸಿವು, ಭಯ, ರೋಷಗಳಲ್ಲಿ ದೇಹದೊಳಗೆ ಆಗುವ ಮಾರ್ಪಾಡುಗಳನ್ನು ಕುರಿತು ಗ್ರಂಥವೊಂದನ್ನು ಹೊರತಂದರು. ಕೋಪಗೊಂಡ ಪ್ರಾಣಿಯ ಮೂತ್ರಪಿಂಡದ ಮೇಲೆ ಕುಳಿತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ದ್ರವ್ಯವನ್ನು ರಕ್ತಕ್ಕೆ ಸುರಿಸುತ್ತವೆ. ಗುಂಡಿಗೆಯ ಬಡಿತ ಏರುತ್ತದೆ. ಯಕೃತ್ತು ತನ್ನಲ್ಲಿ ಕೂಡಿಟ್ಟಿದ್ದ ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ. ಜೀರ್ಣಾಂಗಗಳ ಕಡೆ ಹೋಗುತ್ತಿದ್ದ ರಕ್ತ ಸ್ನಾಯುಗಳ ಕಡೆಗೆ ತಿರುಗುತ್ತದೆ. ಇದೆಲ್ಲವೂ ಒಂದೇ ಉದ್ದೇಶದ ಸಿದ್ಧತೆ: ಹೋರಾಟ, ಅಥವಾ ಪಲಾಯನ. 1983ರಲ್ಲಿ ಪಾಲ್ ಎಕ್‌ಮನ್, ರಾಬರ್ಟ್ ಲೆವೆನ್‌ಸನ್ ಮತ್ತು ವಾಲೇಸ್ ಫ್ರೀಸನ್ ಇದಕ್ಕೊಂದು ಕುತೂಹಲಕರವಾದ ಸೇರ್ಪಡೆಯನ್ನು ಮಾಡಿದರು. ಭಯದಲ್ಲಿಯೂ ಕೋಪದಲ್ಲಿಯೂ ಗುಂಡಿಗೆ ಒಂದೇ ತೆರನಾಗಿ ಓಡುತ್ತದಾದರೂ, ಕೋಪದಲ್ಲಿ ಬೆರಳುಗಳು ಬಿಸಿಯೇರುತ್ತವೆ, ಭಯದಲ್ಲಿ ಹಾಗೆ ಏರುವುದಿಲ್ಲ. ಕೋಪದಲ್ಲಿ ರಕ್ತ ಕೈಗೆ ಹರಿಯುತ್ತದೆ.

ಇಲ್ಲಿ ಗಮನಿಸತಕ್ಕದ್ದು ಈ ಸಿದ್ಧತೆಯ ವೇಗವನ್ನು. ನಾವು ಕೋಪಗೊಂಡಿದ್ದೇವೆಂದು ನಮಗೆ ನಾವೇ ಹೇಳಿಕೊಳ್ಳುವ ಮೊದಲೇ ಮೈ ಎದ್ದು ನಿಂತಿರುತ್ತದೆ. ಮಾತು ಬರುವುದು ತಡವಾಗಿ. ಅದು ಬರುವ ಹೊತ್ತಿಗೆ ಕೈ ಬಿಗಿದಿದೆ, ಉಸಿರು ಬದಲಾಗಿದೆ, ಹೆಜ್ಜೆ ಭಾರವಾಗಿದೆ. ‘ಏನಿಲ್ಲ’ ಎಂದು ಹೇಳುವುದು ನಾಲಗೆಯ ಸ್ವಾತಂತ್ರ್ಯ. ರಕ್ತಕ್ಕೆ ಆ ಸ್ವಾತಂತ್ರ್ಯವಿಲ್ಲ.

ಹುಬ್ಬಿಗೆ ಎರಡು ದಾರಿ

ಮುಖವನ್ನಾದರೂ ನಮ್ಮ ಅಂಕೆಯಲ್ಲಿ ಇಟ್ಟುಕೊಳ್ಳಬಹುದಲ್ಲವೆ ಎಂದರೆ, ಅದೂ ಅರ್ಧ ಮಾತ್ರ ಸಾಧ್ಯ. ಮಿದುಳಿನಿಂದ ಮುಖದ ಸ್ನಾಯುಗಳಿಗೆ ಆಜ್ಞೆ ಬರುವ ದಾರಿಗಳು ಎರಡು. ಒಂದು, ಇಚ್ಛೆಯಿಂದ ನಡೆಯುವ ಚಲನೆಗಳನ್ನು ನಿರ್ದೇಶಿಸುವ ಮೇಲ್ಪದರದಿಂದ ಬರುವುದು. ಇನ್ನೊಂದು, ಭಾವಗಳಿಗೆ ಸಂಬಂಧಪಟ್ಟ ಒಳಭಾಗಗಳಿಂದ ಬರುವುದು. ಪಾರ್ಶ್ವವಾಯು ಬಡಿದ ಕೆಲವು ರೋಗಿಗಳಲ್ಲಿ ಈ ಭೇದ ಕಣ್ಣಿಗೆ ಕಟ್ಟುವಂತೆ ತೋರಿಬರುವುದುಂಟು. ‘ನಗಿ’ ಎಂದು ವೈದ್ಯರು ಹೇಳಿದರೆ ಅವರ ತುಟಿಯ ಒಂದೇ ಕಡೆ ಮೇಲೇಳುತ್ತದೆ; ಹಾಸ್ಯದ ಮಾತೊಂದು ಕಿವಿಗೆ ಬಿದ್ದರೆ ಅದೇ ತುಟಿ ಎರಡೂ ಕಡೆ ಅರಳುತ್ತದೆ. ಮುಖದ ಕೆಳಭಾಗ ಇಚ್ಛೆಯ ಮಾತನ್ನು ಹೆಚ್ಚಾಗಿ ಕೇಳುತ್ತದೆ, ಮೇಲ್ಭಾಗ ಅಷ್ಟಾಗಿ ಕೇಳುವುದಿಲ್ಲ. ಆದ್ದರಿಂದ ತುಟಿಯ ಮೇಲೆ ನಗೆಯನ್ನು ತಂದುಕೊಂಡವರ ಹುಬ್ಬುಗಳ ನಡುವೆ ಬೇರೊಂದು ಕಥೆ ನಡೆಯುತ್ತಿರುತ್ತದೆ.

ಇನ್ನೂ ಆಶ್ಚರ್ಯವೆಂದರೆ, ಆ ಕಥೆಯನ್ನು ಎದುರಿನವರ ಹುಬ್ಬು ಓದುತ್ತದೆ. ಸ್ವೀಡನ್ನಿನ ಉಲ್ಫ್ ಡಿಂಬರ್ಗ್ 1982ರಲ್ಲಿ, ಕೋಪದ ಮುಖಚಿತ್ರಗಳನ್ನು ನೋಡುತ್ತಿರುವವರ ಹುಬ್ಬುಗಂಟಿಕ್ಕುವ ಸ್ನಾಯುವಿನಲ್ಲಿ ವಿದ್ಯುತ್ತಿನ ಸೂಕ್ಷ್ಮ ಚಟುವಟಿಕೆ ಏಳುವುದನ್ನು ದಾಖಲಿಸಿದರು. ಅನಂತರ 2000ದಲ್ಲಿ ಅವರೂ ಸಹೋದ್ಯೋಗಿಗಳೂ, ನೋಡಿದವನಿಗೆ ನೋಡಿದೆನೆಂಬ ಅರಿವೂ ಉಂಟಾಗದಷ್ಟು ಕ್ಷಣಿಕವಾಗಿ ಆ ಚಿತ್ರವನ್ನು ತೋರಿಸಿ ಮರೆಮಾಡಿದರೂ ಇದೇ ಪ್ರತಿಕ್ರಿಯೆ ಉಂಟಾಗುವುದನ್ನು ತೋರಿಸಿದರು.

ಈ ವಿಷಯದಲ್ಲಿ ನಮ್ಮ ಭರತಮುನಿಯ ನಾಟ್ಯಶಾಸ್ತ್ರವನ್ನು ನೆನೆಯದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ರೌದ್ರರಸದ ಪ್ರಸ್ತಾಪದಲ್ಲಿ ಅದು ಕೆಂಗಣ್ಣು, ಗಂಟಿಕ್ಕಿದ ಹುಬ್ಬು, ಹಲ್ಲಿನಡಿ ಸಿಕ್ಕ ತುಟಿ, ಅದುರುವ ಕೆನ್ನೆ, ಒಂದನ್ನೊಂದು ಹೊಸೆಯುವ ಕೈಗಳು ಇವನ್ನು ಹೆಸರಿಸಿದ್ದಲ್ಲದೆ, ಬೆವರು, ನಡುಕ, ರೋಮಾಂಚ, ದನಿಯ ಭಂಗ ಇತ್ಯಾದಿಗಳನ್ನು ಸಾತ್ತ್ವಿಕಭಾವಗಳೆಂಬ ಬೇರೆಯೇ ಪಂಕ್ತಿಯಲ್ಲಿ ಕೂರಿಸಿದೆ. ನಟ ಹುಬ್ಬನ್ನು ಬೇಕೆಂದಾಗ ಗಂಟಿಕ್ಕಬಹುದು. ಬೆವರನ್ನು ಬೇಕೆಂದಾಗ ತರಿಸಲಾರ. ಇಚ್ಛೆಗೆ ಒಳಪಟ್ಟದ್ದು, ಒಳಪಡದ್ದು ಎಂದು ಇಂದಿನ ಶರೀರಶಾಸ್ತ್ರ ಎಳೆಯುವ ಗೆರೆ ಇದಕ್ಕೆ ಬಹು ಸಮೀಪವಾಗಿ ಹಾದುಹೋಗುತ್ತದೆ. ಅದಕ್ಕಿಂತಲೂ ನನ್ನನ್ನು ಬೆರಗುಗೊಳಿಸಿರುವುದು, ಬಂದುಹೋಗುವ ಮೂವತ್ತಮೂರು ಸಂಚಾರಿಭಾವಗಳ ನಡುವೆ ‘ಅವಹಿತ್ಥ’ವೂ ಒಂದಾಗಿ ಸೇರಿರುವುದು. ಅವಹಿತ್ಥವೆಂದರೆ ಒಳಗಿನದನ್ನು ಮರೆಮಾಡುವುದು. ಮರೆಮಾಡುವವನು ಬೇರೇನನ್ನೋ ಮಾತನಾಡುತ್ತಾನೆ, ಮಾತಿನ ನಡುವೆ ತಡವರಿಸಿ ನಿಲ್ಲುತ್ತಾನೆ, ಇಲ್ಲದ ಧೈರ್ಯವನ್ನು ಮುಖಕ್ಕೆ ತಂದುಕೊಳ್ಳುತ್ತಾನೆ ಎಂದು ಅದರ ಲಕ್ಷಣಗಳನ್ನೂ ಕೊಟ್ಟಿದೆ. ಮುಚ್ಚಿಡುವುದಕ್ಕೂ ಒಂದು ಮುಖವಿದೆಯೆಂಬುದನ್ನು ಇಷ್ಟು ಹಿಂದೆಯೇ ಕಂಡವರ ದೃಷ್ಟಿ ಎಷ್ಟು ಹರಿತವಾಗಿದ್ದಿರಬೇಕು! ಶಾಸ್ತ್ರೀಯ ನೃತ್ಯವನ್ನು ಕಲಿತಿದ್ದ ಮನೋವಿಜ್ಞಾನಿ ಅಹಲ್ಯಾ ಹೆಜ್ಮಾಡಿಯವರು ನಾಟ್ಯಶಾಸ್ತ್ರವನ್ನು ಅನುಸರಿಸಿ ಅಭಿನಯಿಸಿದ ಭಾವಗಳನ್ನು ಭಾರತೀಯರಿಗೂ ಅಮೆರಿಕನ್ನರಿಗೂ ತೋರಿಸಿ, ಎರಡೂ ಕಡೆಯವರು ಅವನ್ನು ಚೆನ್ನಾಗಿಯೇ ಗುರುತಿಸಿದರೆಂದು 2000ದಲ್ಲಿ ಪ್ರಕಟವಾದ ಲೇಖನವೊಂದು ತಿಳಿಸುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯ. ರಂಗಸ್ಥಳದ ಮೇಲಿನ ಕೋಪ ಬೇರೆ, ಮನೆಯೊಳಗಿನ ಕೋಪ ಬೇರೆ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿ 2019ರಲ್ಲಿ ತೋರಿಸಿದಂತೆ, ಕೋಪಗೊಂಡ ಜನ ನಿಜವಾಗಿ ಹುಬ್ಬುಗಂಟಿಕ್ಕುವುದು ಹತ್ತರಲ್ಲಿ ಸುಮಾರು ಮೂರು ಸಲ ಮಾತ್ರ. ಗಂಟಿಕ್ಕಿದ ಹುಬ್ಬಾದರೋ ಏಕಾಗ್ರತೆಯಿಂದಲೂ ಹೊಟ್ಟೆನೋವಿನಿಂದಲೂ ಬರಬಹುದು. ಮುಖವೊಂದನ್ನೇ ನಂಬಿ ತೀರ್ಪು ಕೊಡಲಾಗದು. ಉಳಿದ ಏಳು ಸಲ ಕೋಪ ಎಲ್ಲಿ ಹೋಗುತ್ತದೆ? ಅದನ್ನು ಹುಡುಕಿಕೊಂಡು ನಾವು ಕಡಲತಡಿಗೆ ಹೋಗಬೇಕಾಗಿದೆ.

ಹುಲ್ಲು ಕೀಳುವ ಕಡಲಹಕ್ಕಿ

ಹಾಲೆಂಡಿನ ಕರಾವಳಿಯ ಮರಳುದಿಬ್ಬಗಳ ಮೇಲೆ ಹೆರಿಂಗ್ ಗಲ್ ಎಂಬ ಬಿಳಿಯ ಮೈಯ, ಬೂದುರೆಕ್ಕೆಯ ಕಡಲಹಕ್ಕಿಗಳು ಗುಂಪುಗುಂಪಾಗಿ ಗೂಡುಕಟ್ಟುತ್ತವೆ. ಗುಂಪಿನಲ್ಲಿದ್ದರೂ ಪ್ರತಿ ಜೋಡಿಗೂ ತನ್ನದೆಂಬ ಒಂದು ತುಂಡು ನೆಲ ಉಂಟು. ಅದರ ಎಲ್ಲೆಯನ್ನು ನೆರೆಯ ಹಕ್ಕಿ ದಾಟಕೂಡದು. ನಿಕೊ ಟಿನ್‌ಬರ್ಗನ್ ಎಂಬ ವಿಜ್ಞಾನಿ ಇವುಗಳ ನಡವಳಿಕೆಯನ್ನು ವರ್ಷಗಟ್ಟಲೆ ತಾಳ್ಮೆಯಿಂದ ನೋಡಿ 1953ರಲ್ಲಿ ಒಂದು ಪುಸ್ತಕ ಬರೆದರು; ಪ್ರಾಣಿಗಳ ವರ್ತನೆಯನ್ನು ಕುರಿತ ಸಾಧನೆಗಾಗಿ 1973ರಲ್ಲಿ ಕಾನ್ರಾಡ್ ಲೊರೆನ್ಸ್, ಕಾರ್ಲ್ ಫಾನ್ ಫ್ರಿಶ್ ಇವರೊಡನೆ ಅವರಿಗೆ ನೊಬೆಲ್ ಪಾರಿತೋಷಕವೂ ಬಂದಿತು.

ತನ್ನ ನೆಲದ ನಡುವೆ ನಿಂತಿರುವ ಹಕ್ಕಿ ಅತಿಕ್ರಮಿಸಿದವನ ಮೇಲೆ ನೇರವಾಗಿ ಎರಗುತ್ತದೆ. ಪರನೆಲದಲ್ಲಿ ಸಿಕ್ಕಿಬಿದ್ದ ಹಕ್ಕಿ ನೇರವಾಗಿ ಹಾರಿಹೋಗುತ್ತದೆ. ಈ ಎರಡರಲ್ಲಿಯೂ ಒಗಟಿಲ್ಲ. ಒಗಟಿರುವುದು ಎಲ್ಲೆಯ ಮೇಲೆ. ಅಲ್ಲಿ ಎರಡು ಹಕ್ಕಿಗಳು ಎದುರುಬದುರಾಗಿ ನಿಂತಾಗ, ಪ್ರತಿಯೊಂದರಲ್ಲಿಯೂ ಎರಗಬೇಕೆಂಬ ತುಡಿತವೂ ಹಿಂಜರಿಯಬೇಕೆಂಬ ತುಡಿತವೂ ಸಮಬಲವಾಗಿರುತ್ತವೆ. ಹಕ್ಕಿ ಕತ್ತನ್ನು ಮೇಲಕ್ಕೆ ನೀಡಿ ಕೊಕ್ಕನ್ನು ಕೆಳಕ್ಕೆ ಬಾಗಿಸುತ್ತದೆ, ಏಕೆಂದರೆ ಮೇಲಿನಿಂದ ಕುಕ್ಕುವುದಕ್ಕೆ ಅದೇ ತಕ್ಕ ಭಂಗಿ. ರೆಕ್ಕೆಯ ಮಣಿಕಟ್ಟುಗಳನ್ನು ಮೈಯಿಂದ ಬಿಡಿಸಿ ಎತ್ತುತ್ತದೆ, ಏಕೆಂದರೆ ರೆಕ್ಕೆಯಿಂದ ಬಡಿಯುವುದಕ್ಕೆ ಅದು ಆರಂಭ. ಹಾಗೆಯೇ ಬಿಗಿದ ಹೆಜ್ಜೆಗಳನ್ನಿಡುತ್ತ ಮುಂದೆ ಬಂದು, ಇನ್ನೇನು ಎರಗಿತು ಎನ್ನುವಾಗ ನಿಂತುಬಿಡುತ್ತದೆ. ನಿಂತು, ಕಾಲಬುಡದ ಹುಲ್ಲಿನ ಮೇಲೆ ಕೊಕ್ಕನ್ನು ರಭಸದಿಂದ ಹೊಡೆಯುತ್ತದೆ. ಬೇರುಬಿಟ್ಟ ಗಿಡವನ್ನು ಕಚ್ಚಿ, ಕಾಲೂರಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆಯುತ್ತದೆ. ಗೂಡಿಗಾಗಿ ಹುಲ್ಲು ಕೀಳುವಾಗ ಹಕ್ಕಿ ಹೀಗೆ ಎಳೆಯುವುದಿಲ್ಲ. ವೈರಿಯ ರೆಕ್ಕೆಯನ್ನು ಕಚ್ಚಿ ಎಳೆಯುವಾಗ ಹೀಗೆ ಎಳೆಯುತ್ತದೆ. ಎದುರಿನ ಹಕ್ಕಿಯಾದರೋ ತನ್ನ ಒಂದು ಗರಿಯೂ ಕೊಂಕದಿದ್ದರೂ ಸಂಗತಿಯನ್ನು ಗ್ರಹಿಸುತ್ತದೆ.

ಅಡುಗೆಮನೆಯ ಒಗಟಿಗೆ ಕೀಲಿಕೈ ಇಲ್ಲಿದೆಯೆಂದು ನನ್ನ ದೃಢವಾದ ನಂಬಿಕೆ. ಹೊರಡಬೇಕಾದ ಕ್ರಿಯೆ ಹೊರಟಿದೆ. ಅದಕ್ಕೆ ಬೇಕಾದ ರಕ್ತ, ಸಕ್ಕರೆ, ಸ್ನಾಯುಬಲ ಎಲ್ಲವೂ ಒದಗಿವೆ. ಆದರೆ ಗುರಿಯ ಕಡೆ ಹೋಗದಂತೆ ಇನ್ನೊಂದು ಬಲ ಅದನ್ನು ತಡೆದಿದೆ. ಆಗ ಕ್ರಿಯೆ ರದ್ದಾಗುವುದಿಲ್ಲ, ಪಕ್ಕದಲ್ಲಿರುವ ನಿರುಪದ್ರವಿಯಾದ ವಸ್ತುವಿನ ಮೇಲೆ ಹೋಗಿ ಬೀಳುತ್ತದೆ. ಪ್ರಾಣಿವರ್ತನೆಯ ಶಾಸ್ತ್ರಜ್ಞರು ರೀಡೈರೆಕ್ಷನ್ ಎಂದು ಕರೆಯುವ ಇದನ್ನು ನಾವು ಪಲ್ಲಟಕ್ರಿಯೆ ಎನ್ನೋಣ. ಒಬ್ಬನೇ ಗಾಡಿಯವನು ಒಂದು ಕೈಯಲ್ಲಿ ಬಾರುಕೋಲಿನಿಂದ ಎತ್ತನ್ನು ತಿವಿಯುತ್ತ ಇನ್ನೊಂದು ಕೈಯಲ್ಲಿ ಮೂಗುದಾರವನ್ನು ಹಿಡಿದೆಳೆದರೆ ಏನಾಗುವುದು? ಎತ್ತು ಮುಂದೆ ಹೋಗದು, ಸುಮ್ಮನೆಯೂ ನಿಲ್ಲದು. ನೆಲವನ್ನು ಕೆರೆಯುವುದು, ಕತ್ತನ್ನು ಒಗೆಯುವುದು. ಕೊರಳಿನ ಗಗ್ಗರ ಬೀದಿಗೆಲ್ಲ ಕೇಳುವಂತೆ ನುಡಿಯುವುದು. ಬೀದಿಯವರಿಗೆ ಕೇಳಿದ ಗಗ್ಗರದ ಸದ್ದು ತಿವಿತವೊಂದರಿಂದ ಬಂದದ್ದಲ್ಲ, ಎಳೆತವೊಂದರಿಂದ ಬಂದದ್ದೂ ಅಲ್ಲ. ಎರಡೂ ಏಕಕಾಲಕ್ಕೆ ನಡೆದದ್ದರಿಂದ ಬಂದದ್ದು. ಕುಕ್ಕಿಟ್ಟ ಪಾತ್ರೆಯೂ ಅಂಥದು. ಬರಿಯ ಕೋಪವಿದ್ದಿದ್ದರೆ ಬೈಗುಳ ಬರುತ್ತಿತ್ತು. ಬರಿಯ ಸಂಯಮವಿದ್ದಿದ್ದರೆ ಪಾತ್ರೆ ಮೆಲ್ಲನೆ ಕೂರುತ್ತಿತ್ತು. ಆ ಸದ್ದಿನಲ್ಲಿ ಕೋಪವೂ ಇದೆ, ಆ ಕೋಪವನ್ನು ನಿಮ್ಮ ಮೇಲೆ ಬಿಡಲೊಲ್ಲದ ಮನಸ್ಸೂ ಇದೆ.

ಇಂಥ ಅರ್ಧಕ್ಕೆ ನಿಂತ ಕ್ರಿಯೆ ಸಂಕೇತವಾಗುವುದು ಹೇಗೆ? ನೋಡುವವನಿಗೆ ಅದರಿಂದ ಲಾಭವಿದೆ. ಮುಂದೇನಾಗಬಹುದೆಂಬುದನ್ನು ಮೊದಲೇ ತಿಳಿದರೆ ಅವನು ಪೆಟ್ಟು ತಪ್ಪಿಸಿಕೊಳ್ಳಬಹುದು. ತೋರಿಸುವವನಿಗೂ ಲಾಭವಿದೆ. ಹೊಡೆಯದೆಯೇ ಎದುರಾಳಿ ಹಿಂದೆ ಸರಿದರೆ ಇಬ್ಬರ ಮೈಯೂ ಉಳಿಯಿತು. ಹೀಗೆ ಇಬ್ಬರಿಗೂ ಅನುಕೂಲವಾದದ್ದು ಪೀಳಿಗೆಯಿಂದ ಪೀಳಿಗೆಗೆ ಹೆಚ್ಚು ಸ್ಫುಟವಾಗುತ್ತ ಬರುತ್ತದೆ. ಮನುಷ್ಯನ ಕೋಪದ ಮುಖವೂ ಇದೇ ದಾರಿಯಲ್ಲಿ ಬಂದದ್ದಿರಬೇಕು. ಏರನ್ ಸೆಲ್, ಲೀಡಾ ಕಾಸ್ಮಿಡೀಸ್, ಜಾನ್ ಟೂಬಿ ಇವರು 2014ರಲ್ಲಿ, ಗಣಕಯಂತ್ರದಲ್ಲಿ ರಚಿಸಿದ ಮುಖಗಳ ಮೇಲೆ ಕೋಪದ ಒಂದೊಂದೇ ಲಕ್ಷಣವನ್ನು, ಅಂದರೆ ತಗ್ಗಿದ ಹುಬ್ಬನ್ನು ಬೇರೆ, ಮುಂಚಾಚಿದ ಗದ್ದವನ್ನು ಬೇರೆ, ಹೀಗೆ ಬಿಡಿಬಿಡಿಯಾಗಿ ಮೂಡಿಸಿ ಜನರಿಗೆ ತೋರಿಸಿದಾಗ, ಪ್ರತಿಯೊಂದು ಲಕ್ಷಣವೂ ಆ ಮುಖದವನನ್ನು ಮೊದಲಿಗಿಂತ ಬಲಿಷ್ಠನೆಂದು ತೋರುವಂತೆ ಮಾಡಿತು. ಕೋಪವೆಂಬುದು ಬರಿಯ ಹೊಮ್ಮುವಿಕೆಯಲ್ಲ, ಒಂದು ಬಗೆಯ ವ್ಯವಹಾರ ಎಂಬುದು ಇವರ ಸಿದ್ಧಾಂತ. ‘ನನ್ನ ಹಿತಕ್ಕೆ ನೀನು ಕೊಡುತ್ತಿರುವ ಬೆಲೆ ಸಾಲದು, ಅದನ್ನು ಏರಿಸು’ ಎಂಬ ಬೇಡಿಕೆ ಅದರ ತಿರುಳು.

ಕುಕ್ಕರಿನ ಲೆಕ್ಕ

ಪಾತ್ರೆ ಕುಕ್ಕುವುದರಿಂದ ಮನಸ್ಸು ಹಗುರಾಗುತ್ತದೆ, ಒಳಗಿನ ಹಬೆ ಹೊರಗೆ ಹೋಗದಿದ್ದರೆ ಕುಕ್ಕರು ಸಿಡಿಯುವಂತೆ ಮನುಷ್ಯನೂ ಸಿಡಿದಾನು ಎಂದು ಹೇಳುವವರು ಬಹಳ ಮಂದಿ. ಈ ನಂಬಿಕೆ ತಪ್ಪೆಂದು ತೋರುತ್ತದೆ. ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾವು ಬರೆದ ಪ್ರಬಂಧವನ್ನು ಇನ್ನೊಬ್ಬನು ಹೀಯಾಳಿಸಿದ್ದರಿಂದ ಕೋಪಗೊಂಡಿದ್ದ ವಿದ್ಯಾರ್ಥಿಗಳಲ್ಲಿ ಕೆಲವರು, ಹೀಯಾಳಿಸಿದವನನ್ನೇ ನೆನೆಯುತ್ತ ಮರಳುಚೀಲಕ್ಕೆ ಗುದ್ದಿದರು. ಕೆಲವರು ಏನೂ ಮಾಡದೆ ಸುಮ್ಮನೆ ಕುಳಿತರು. ಗುದ್ದಿದವರ ಕೋಪ ಇಳಿಯಲಿಲ್ಲ, ಏರಿತು. ಆಮೇಲೆ ಸಿಕ್ಕ ಅವಕಾಶದಲ್ಲಿ ಅವರೇ ಹೆಚ್ಚು ಕಠಿಣವಾಗಿ ನಡೆದುಕೊಂಡರು. ಸುಮ್ಮನೆ ಕುಳಿತವರು ಅವರಿಗಿಂತ ಶಾಂತರಾಗಿದ್ದರು. ಪಲ್ಲಟಕ್ರಿಯೆಯ ಕೆಲಸ ಒಳಗನ್ನು ಬರಿದುಮಾಡುವುದಲ್ಲ. ಅದರ ಕೆಲಸ ಕೇಳಿಸುವುದು. ಯಾರೂ ಇಲ್ಲದ ಮನೆಯಲ್ಲಿ ಪಾತ್ರೆ ಅಷ್ಟು ಜೋರಾಗಿ ಸದ್ದು ಮಾಡುವುದು ಅಪರೂಪ.

ಸುಮ್ಮನಿರುವುದೂ ಒಂದು ಕ್ರಿಯೆ

ಪಾತ್ರೆಗೆ ಸದ್ದಾದರೂ ಇದೆ. ಸದ್ದೇ ಇಲ್ಲದ ಕೋಪವನ್ನು ಏನೆನ್ನಬೇಕು? ಮಾತು ಬಿಟ್ಟವರು, ಬಡಿಸಿದ ಎಲೆಯ ಮುಂದಿನಿಂದ ಎದ್ದುಹೋದವರು, ಕೇಳಿದ್ದಕ್ಕೆ ಬೇಕಾದಷ್ಟೇ ಉತ್ತರ ಕೊಟ್ಟು ಮುಖ ತಿರುಗಿಸಿದವರು ಏನನ್ನೂ ಮಾಡುತ್ತಿಲ್ಲವೆಂಬುದು ಮೇಲುನೋಟಕ್ಕೆ ನಿಜ. ಆದರೆ ನಮ್ಮ ಮಿದುಳು ಸದಾ ನಿರೀಕ್ಷೆಯಲ್ಲಿ ಬದುಕುವ ಅಂಗ. ಬರಬೇಕಾದದ್ದು ಬಾರದಿದ್ದರೆ, ಬಂದದ್ದಕ್ಕಿಂತ ತೀವ್ರವಾಗಿ ಅದನ್ನು ಗಮನಿಸುತ್ತದೆ. ಅಪರಿಚಿತನ ಮೌನ ನಮ್ಮನ್ನು ಮುಟ್ಟದು. ದಿನವೂ ‘ಊಟ ಆಯಿತೆ’ ಎಂದು ಕೇಳುತ್ತಿದ್ದವರು ಒಂದು ದಿನ ಕೇಳದೆ ಹೋದರೆ ಅದು ಮುಟ್ಟುತ್ತದೆ.

ಈ ಗ್ರಹಣಶಕ್ತಿ ಮಾತಿಗಿಂತ ಹಳೆಯದು. ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ, ಕೂಸಿನೊಡನೆ ನಗುತ್ತ ಆಡುತ್ತಿದ್ದ ತಾಯಿ ಒಮ್ಮೆಲೇ ಮುಖವನ್ನು ನಿಶ್ಚಲವಾಗಿಸಿ ಕೆಲವು ನಿಮಿಷ ಹಾಗೆಯೇ ಕೂರುತ್ತಾಳೆ. ಆಕೆ ಗದರಿಸುವುದಿಲ್ಲ, ದೂರ ಹೋಗುವುದೂ ಇಲ್ಲ. ಇನ್ನೂ ತೊದಲುನುಡಿಯೂ ಬಾರದ ಮಗು ಮೊದಲು ತನ್ನ ನಗೆಯಿಂದ ಆ ಮುಖವನ್ನು ಕರೆಯುತ್ತದೆ, ಕೈಚಾಚುತ್ತದೆ, ಕೂಗುತ್ತದೆ. ಏನೂ ಫಲಿಸದಿದ್ದಾಗ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಆ ಚಿತ್ರಣವನ್ನು ನೋಡಿದವರು ಯಾರೂ, ಮೌನವೆಂದರೆ ಏನೂ ಮಾಡದಿರುವುದು ಎಂದು ಮತ್ತೆ ಹೇಳಲಾರರು.

ಮೌನವನ್ನೇ ಒಂದು ಸಮಾಜದ ರೀತಿಯಾಗಿ ಕಂಡು ಬರೆದವರು ಮಾನವಶಾಸ್ತ್ರಜ್ಞೆ ಜೀನ್ ಬ್ರಿಗ್ಸ್. 1960ರ ದಶಕದಲ್ಲಿ ಕೆನಡಾದ ಉತ್ತರಧ್ರುವ ಪ್ರದೇಶದಲ್ಲಿ ಉಟ್ಕು ಎಂಬ ಇನ್ಯುಟ್ ಜನರ ಸಣ್ಣ ಗುಂಪಿನ ನಡುವೆ, ಒಂದು ಕುಟುಂಬದ ದತ್ತುಮಗಳಾಗಿ ಅವರು ವಾಸವಾಗಿದ್ದರು. ಅಲ್ಲಿ ವಯಸ್ಕರು ಕೋಪವನ್ನು ತೋರಿಸುವುದು ಬಾಲಿಶತನವೆಂದು ಭಾವಿಸಲ್ಪಡುತ್ತಿತ್ತು. ಒಂದು ಬೇಸಗೆಯಲ್ಲಿ ಮೀನು ಹಿಡಿಯುವ ವಿನೋದಕ್ಕೆ ಬಂದ ಹೊರಗಿನ ಬಿಳಿಯರು, ಆ ಜನರಿಗೆ ಜೀವನಾಧಾರವಾಗಿದ್ದ ಎರಡು ದೋಣಿಗಳಲ್ಲಿ ಒಂದನ್ನು ಎರವಲು ಪಡೆದು ಕೆಡಿಸಿದರು. ಅನಂತರ ಇನ್ನೊಂದನ್ನೂ ಕೇಳಿದರು. ಬ್ರಿಗ್ಸ್ ತಡೆಯಲಾರದೆ, ಆ ಜನರ ಪರವಾಗಿಯೇ, ಬಂದವರ ಮೇಲೆ ಸಿಡಿದರು. ಪರಿಣಾಮವೇನೆಂದರೆ, ಯಾರ ಪರವಾಗಿ ಮಾತನಾಡಿದರೋ ಅವರೇ ಬ್ರಿಗ್ಸ್‌ರನ್ನು ಸುಮಾರು ಮೂರು ತಿಂಗಳು ದೂರವಿಟ್ಟರು. ಒಂದು ಕಟುವಾದ ಮಾತಿಲ್ಲ. ಎದುರು ಬಂದರೆ ಸೌಜನ್ಯಕ್ಕೆ ಕೊರತೆಯಿಲ್ಲ. ಅವರ ಡೇರೆಗೆ ಬಂದು ಕೂರುವವರು ಮಾತ್ರ ಇಲ್ಲವಾದರು. 1970ರಲ್ಲಿ ಪ್ರಕಟವಾದ ಬ್ರಿಗ್ಸ್‌ರ ಪುಸ್ತಕದಲ್ಲಿ ಈ ಭಾಗವನ್ನು ಓದುವಾಗ, ಅಷ್ಟು ಮೃದುವಾದ ನಡತೆ ಅಷ್ಟು ಕಠೋರವಾಗಬಲ್ಲದೆ ಎಂದು ಮನಸ್ಸು ತಲ್ಲಣಿಸುತ್ತದೆ.

ಮೌನಿಯ ಒಳಗೂ ಗಾಡಿಯವನ ಎರಡು ಕೈಗಳೂ ಕೆಲಸಮಾಡುತ್ತಲೇ ಇರುತ್ತವೆ. ದಂಪತಿಗಳ ಜಗಳಗಳನ್ನು ಪ್ರಯೋಗಶಾಲೆಯಲ್ಲಿ ಅಭ್ಯಸಿಸಿದ ಜಾನ್ ಗಾಟ್‌ಮನ್, ಕಲ್ಲಿನಂತೆ ಮುಖಮಾಡಿ ಕುಳಿತವರ ಗುಂಡಿಗೆ ಆ ಹೊತ್ತಿನಲ್ಲಿ ನಿಮಿಷಕ್ಕೆ 100ಕ್ಕೂ ಮೀರಿ ಬಡಿಯುವುದುಂಟೆಂದು ತಿಳಿಸುತ್ತಾರೆ. ಹಿಡಿತಕ್ಕೂ ಬಲ ಬೇಕು. ಆ ಬಲದ ವೆಚ್ಚವನ್ನು ತೆರುವವರು ಮೌನಿಗಳು ಮಾತ್ರವೇ ಅಲ್ಲ. ಎಮಿಲಿ ಬಟ್ಲರ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ವರದಿಮಾಡಿದ ಅಧ್ಯಯನದಲ್ಲಿ, ಪರಸ್ಪರ ಪರಿಚಯವಿಲ್ಲದ ಇಬ್ಬಿಬ್ಬರು ಮಹಿಳೆಯರು ಮನಕಲಕುವ ಚಿತ್ರವೊಂದನ್ನು ನೋಡಿ ಅದನ್ನು ಕುರಿತು ಮಾತನಾಡಿದರು. ಕೆಲವು ಜೋಡಿಗಳಲ್ಲಿ ಒಬ್ಬಾಕೆಗೆ ಭಾವವನ್ನು ಹೊರಗೆ ತೋರಗೊಡಬೇಡಿರೆಂದು ಗುಟ್ಟಾಗಿ ಹೇಳಲಾಗಿತ್ತು. ಗುಟ್ಟನ್ನು ಅರಿಯದ ಇನ್ನೊಬ್ಬಾಕೆಯ ರಕ್ತದೊತ್ತಡ ಏರಿತು. ಕಿವಿಗೆ ಏನೂ ಕೇಳಿಸದಿದ್ದರೂ ಆಕೆಯ ರಕ್ತನಾಳಗಳಿಗೆ ಕೇಳಿಸಿತ್ತು.

ಹೇಳಿಯೂ ಹೇಳದಿರುವುದು

ಎರಡನೆಯ ಪ್ರಶ್ನೆಗೆ ಈಗ ಬರಬಹುದು. ಮಾತಿದ್ದೂ ಪಾತ್ರೆ ಏಕೆ? ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಪಾತ್ರೆಯನ್ನಾದರೋ ‘ಕೈಜಾರಿತು’ ಎನ್ನಬಹುದು. ಎಲ್ಲೆಯ ಮೇಲಿನ ಹಕ್ಕಿ ಹುಲ್ಲನ್ನು ಕಿತ್ತಂತೆ, ಯಾರೊಡನೆ ಬಾಳಲೇಬೇಕೋ ಅವರ ಮೇಲೆ ಕೋಪ ಬಂದಾಗ ಮನುಷ್ಯ, ತಿಳಿಯಬೇಕು ಆದರೆ ಮುರಿಯಬಾರದು ಎಂಬ ಇಕ್ಕಟ್ಟಿನಲ್ಲಿ ಇರುತ್ತಾನೆ. ಅಪರಿಚಿತರ ಮೇಲೆ ಬಸ್ಸಿನಲ್ಲಿ ಬಾಯಿಮಾಡುವವರು ಸಹ, ಮನೆಯವರ ಮೇಲೆ ಮೌನವನ್ನೇ ಆಯ್ದುಕೊಳ್ಳುವುದು ಇದಕ್ಕಾಗಿ.

ಇದರ ಜೊತೆಗೆ ಇನ್ನೊಂದು ಕಾರಣವಿದೆ. ಅದನ್ನು ಪ್ರಯೋಗಶಾಲೆಗಿಂತ ನಮ್ಮ ಮನೆಗಳೇ ಚೆನ್ನಾಗಿ ಬಲ್ಲವು. ಮೂಗುದಾರವನ್ನು ಹಿಡಿದಿರುವ ಕೈ ಯಾವಾಗಲೂ ನಮ್ಮದೇ ಅಲ್ಲ. ತಿರುಗಿ ಮಾತನಾಡುವ ಹಕ್ಕು ಮನೆಯಲ್ಲಿ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. ಹಿರಿಯರು ಗದರಿಸಿದರೆ ಅದು ಬುದ್ಧಿವಾದ, ಹೊಸದಾಗಿ ಬಂದ ಸೊಸೆ ಅದೇ ದನಿಯಲ್ಲಿ ಉತ್ತರಕೊಟ್ಟರೆ ಅದು ಉದ್ಧಟತನ. ಯಜಮಾನ ಕೂಗಿದರೆ ಕೆಲಸದ ಒತ್ತಡ, ಆಳು ಕೂಗಿದರೆ ಕೆಲಸವೇ ಇಲ್ಲ. ಕುಕ್ಕುವ ಪಾತ್ರೆ, ಉಪ್ಪು ತಪ್ಪಿದ ಸಾರು, ಬೇಕೆಂದೇ ನಿಧಾನವಾದ ಹೆಜ್ಜೆ ಇವು ಬಹುಮಟ್ಟಿಗೆ ಮಾತಿನ ಪಾಲು ಸಿಗದವರ ಪಾಲಿಗೆ ಬಂದ ಭಾಷೆ. ಅವರನ್ನು ಸಿಡುಕರೆಂದು ಹಳಿಯುವವರು, ಅವರು ಬಾಯಿ ತೆರೆದಿದ್ದರೆ ತಾವು ಕೇಳುತ್ತಿದ್ದೆವೆ ಎಂಬುದನ್ನು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು.

ಆದರೂ ಈ ಭಾಷೆಗೆ ಒಂದು ದೊಡ್ಡ ಊನವಿದೆ. ಅದು ಎಷ್ಟು ಎಂಬುದನ್ನು ಅಚ್ಚುಕಟ್ಟಾಗಿ ಹೇಳುತ್ತದೆ, ಏಕೆ ಎಂಬುದನ್ನು ಹೇಳಲಾರದು. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಕೋಪಕ್ಕೆಂದೇ ಒಂದು ಕೋಣೆಯಿದೆ. ಕೈಕೇಯಿ ಒಡವೆಗಳನ್ನೆಲ್ಲ ಕಿತ್ತೆಸೆದು, ಕೋಪಗೃಹದ ಬರಿನೆಲದ ಮೇಲೆ ಮಲಗಿದಳು. ದಶರಥ ಬಾಗಿಲಲ್ಲಿ ನಿಂತೊಡನೆಯೇ, ಏನೋ ಘೋರವಾದದ್ದು ನಡೆದಿದೆಯೆಂದು ಅರಿತನು. ಅರಮನೆಯೇ ಒದಗಿಸಿದ್ದ ಆ ಮಾತಿಲ್ಲದ ವ್ಯಾಕರಣ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿತು. ಅಲ್ಲಿಂದಾಚೆಗೆ ಮುದುಕನು ಕತ್ತಲೆಯಲ್ಲಿ ತಡಕಾಡಿದನು. ಯಾರಾದರೂ ಅವಮಾನಿಸಿದರೆ? ಮೈಗೆ ಸ್ವಸ್ಥವಿಲ್ಲವೆ? ನುರಿತ ವೈದ್ಯರಿದ್ದಾರೆ. ಯಾರಿಗಾದರೂ ದಂಡನೆಯಾಗಬೇಕೆ? ಅವನ ಒಂದು ಊಹೆಯೂ ವಿಷಯದ ಹತ್ತಿರಕ್ಕೆ ಸುಳಿಯಲಿಲ್ಲ. ನೆಲಕ್ಕೆ ಬಿದ್ದ ಹಾರ, ಬಿಗಿದ ಒಂಟಿಜಡೆ, ಬರಿನೆಲದ ಹಾಸಿಗೆ ಇವೆಲ್ಲವೂ ಸೇರಿದರೂ ಭರತನ ಪಟ್ಟವನ್ನಾಗಲಿ ರಾಮನ ಹದಿನಾಲ್ಕು ವರ್ಷಗಳ ವನವಾಸವನ್ನಾಗಲಿ ಹೇಳಲಾರದೆ ಹೋದವು. ಆ ಎರಡು ವರಗಳನ್ನು ಕೇಳುವುದಕ್ಕೆ ಕೈಕೇಯಿ ಬಾಯಿ ತೆರೆಯಬೇಕಾಯಿತು.